ಜಿಲ್ಲೆ ಬದಲಿಸಿದವರಿಗೆ ಲಿನಕ್ಸ್ ಯಾವ ಲೆಕ್ಕ!

ವಾರಕ್ಕೊಂದು ಲಿನಕ್ಸ್ ಹಾಕಿ ಕಿತ್ತು ನೋಡುವ ಚಟಕ್ಕೆ ಡಿಸ್ಟ್ರೋ ಹಾಪಿಂಗ್ ಎನ್ನುತ್ತಾರೆ. ಹರಪನಹಳ್ಳಿಯವರಿಗೆ ಅದೇನು ಹೊಸದೇ? ಕಟ್ಟೆ ಬಿಟ್ಟು ಏಳದೆಯೇ ನಾವು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದೆವು, ಆಮೇಲೆ ತಿರುಗಿ ಬಳ್ಳಾರಿಗೆ ಬಂದೆವು, 2021ರಲ್ಲಿ ವಿಜಯನಗರ ಸೇರಿದೆವು. ಹಾರ್ಡ್‌ವೇರ್ ಅದೇ, ಬೋರ್ಡಿನ ಮೇಲಿನ ಹೆಸರಷ್ಟೇ ಬೇರೆ.

ಮನೆಯ ಲ್ಯಾಪ್‌ಟಾಪಿಗೆ ಇರುವುದು 2 ಜಿಬಿ ರ್‍ಯಾಮ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; 11 ಬರಬೇಕೆಂದರೆ ಕನಿಷ್ಠ 4 ಜಿಬಿ ಬೇಕಂತೆ. ಸರಿ, ಪಪ್ಪಿ ಲಿನಕ್ಸ್ ತಂದೆ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಹುಟ್ಟಿಸಿದ ಮರಿ ಇದು. ಪೆನ್‌ಡ್ರೈವಿನಿಂದ ಎದ್ದು ಪೂರ್ತಿ ರ್‍ಯಾಮಿನೊಳಗೇ ಕೂತುಬಿಡುತ್ತದೆ, ಹಾರ್ಡ್‌ಡಿಸ್ಕ್ ಸತ್ತಿದ್ದರೂ ಓಡುತ್ತದೆ. ಆಮೇಲೆ ಇಲಿ ಗುರುತಿನ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ. (ನನ್ನ ಓಟು ಇದಕ್ಕೇ, ಥಳುಕಿಲ್ಲ, ತಕರಾರಿಲ್ಲ.)

“ನಾಯಿಮರಿ ಆತು, ಇಲಿನೂ ಆತು, ಬೆಕ್ಕು ಯಾವಾಗ ತರ್ತೀಯಪ್ಪಾ?” ಅಂದಳು ಅವ್ವ.

ಬಂದದ್ದು ಲುಬುಂಟು, ಅದರದ್ದು ಪುಟ್ಟ ಹಕ್ಕಿ. ಕನ್ನಡ ಫಾಂಟು ಬೇಕೆಂದು ಉಬುಂಟು ಭಂಡಾರ ಹುಡುಕಿದರೆ ಸಿಕ್ಕವುಗಳಲ್ಲಿ ಎರಡು: ಗುಬ್ಬಿ ಮತ್ತು ನವಿಲು. ಹೆಸರು ಕೇಳಿದ್ದೇ ಅವ್ವ ಜೋಳ ತರಲು ಒಳಗೆ ಹೋದಳು.