ಕರೋಲ್ ಬಾಗೀಯ ವಿಳಾಸ ಮೀಮಾಂಸೆ

ಮಂಗಳಾಚರಣೆ: ದಿಲ್ಲಿಯ ಕರೋಲ್ ಬಾಗಿನ ಅಜ್ಮಲ್ ಖಾನ್ ರಸ್ತೆಯ ಛೋಲೆ ಭಟೂರೆಗೆ ಹೊಟ್ಟೆ ತುಂಬ ವಂದಿಸಿ, ಗಫಾರ್ ಮಾರ್ಕೆಟ್ಟಿನ ಮೊಬೈಲ್ ರಿಪೇರಿಯವರಿಗೆ ದೂರದಿಂದಲೇ ಕೈಮುಗಿದು, ಕ್ರಿಪ್ಟೋ ವಾಲೆಟ್ಟಿನ ಶಾಸ್ತ್ರವನ್ನು ಬಾಲಬೋಧೆಗಾಗಿ ರಚಿಸಲಾಗುತ್ತಿದೆ.

ಸೂತ್ರ 1: ವಿಳಾಸ ಊರಿಗೆ, ಬೀಗದ ಕೈ ಸೊಂಟಕ್ಕೆ.

ವೃತ್ತಿ: ಹಣ ಬರಮಾಡಿಕೊಳ್ಳುವ ವಿಳಾಸವನ್ನು ಯಾರಿಗಾದರೂ ಕೊಡಿ, ಅವರು ಲೆಕ್ಕ ಇಣುಕಿ ನೋಡಬಲ್ಲರು, ಕದಿಯಲಾರರು. ಬೀಗದ ಕೈ ಎಂದರೆ 12 ಅಥವಾ 24 ಪದಗಳ ಮಾಲೆ. 2013ರ ಬಿಐಪಿ-39 ಎಂಬ ಏರ್ಪಾಡಿನ 2048 ಪದಗಳಿಂದ ಪೋಣಿಸಿದ್ದು. ಮಾಲೆ ಯಾರ ಕೈಗೋ ಗಂಟು ಅವರ ಮನೆಗೆ.

ಪೂರ್ವಪಕ್ಷ: ಊರಿಂದ ಬಂದ ಭಾವಮೈದುನನದು. “ಫೋಟೋ ಹೊಡೆದಿಟ್ಕೊಂಡ್ರಾಯ್ತಲ್ಲ ಭಾವ?”

ಸಿದ್ಧಾಂತ: ಸ್ಕ್ರೀನ್ ಒಡೆದ ದಿನ ಫೋನನ್ನೂ ಪಾಸ್‌ವರ್ಡಿನ ಚೀಟಿಯನ್ನೂ ಒಟ್ಟಿಗೇ ಅಂಗಡಿ ಹುಡುಗನಿಗೆ ಒಪ್ಪಿಸಿ ಭಟೂರೆ ತಿನ್ನಲು ಹೋಗುವ ಕುಲ ನಮ್ಮದು. ಆದ್ದರಿಂದ ಕಾಗದವೇ ಪ್ರಮಾಣ.

ಸೂತ್ರ 2: ತಲೆ ಬಾಲ ನೋಡಿ ಹಾವೆನ್ನಬಾರದು, ಮೀನೆನ್ನಬಾರದು.

ವೃತ್ತಿ: ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ವಿಳಾಸ ಒಪ್ಪುವುದು ಲೋಕರೂಢಿ. ಇದನ್ನರಿತ ಕಳ್ಳ ಅದೇ ತಲೆ, ಅದೇ ಬಾಲದ ವಿಳಾಸ ಹುಟ್ಟಿಸಿ, ಪುಡಿಗಾಸು ಕಳಿಸಿ ನಿಮ್ಮ ಹಳೆಯ ವಹಿವಾಟಿನ ಪಟ್ಟಿಯಲ್ಲಿ ಕೂರುತ್ತಾನೆ. 2024ರ ಮೇ ತಿಂಗಳಲ್ಲಿ ಒಬ್ಬರು ಆ ಪಟ್ಟಿಯಿಂದ ನಕಲಿಸಿಕೊಂಡು ಸುಮಾರು 6.8 ಕೋಟಿ ಡಾಲರ್ ಕಳಿಸಿಬಿಟ್ಟರು. ಕಳ್ಳ ಬಹುಪಾಲನ್ನು ಹಿಂದಿರುಗಿಸಿದ. ಆದರೆ ಕಳ್ಳನ ಸದ್ಗುಣವನ್ನು ಶಾಸ್ತ್ರ ಪ್ರಮಾಣವೆಂದು ಒಪ್ಪುವುದಿಲ್ಲ.

ಸೂತ್ರ 3: ಲೈನ್ ನೋಡಿ ಹತ್ತು.

ವೃತ್ತಿ: ಕರೋಲ್ ಬಾಗ್‌ಗೆ ಮೆಟ್ರೋದ ನೀಲಿ ಲೈನ್, ಹಳದಿ ಲೈನಿನಲ್ಲಿ ಸಂಜೆತನಕ ಕೂತರೂ ಬಾರದು. ‘ಬಿಸಿ1’ ಎಂದು ಶುರುವಾಗುವುದು ಬೇಳೆಬಾತಲ್ಲ, ಬಿಟ್‌ಕಾಯಿನ್ ವಿಳಾಸ. ‘0ಎಕ್ಸ್’ ಮುಂದೆ 40 ಅಕ್ಷರವಿದ್ದರೆ ಇಥೀರಿಯಂ ಬಳಗ. ‘ಟಿ’ ಎಂದರೆ ಟ್ರಾನ್. ಡಾಲರ್ ನಾಣ್ಯ ಯುಎಸ್‌ಡಿಟಿ ಹಲವು ಲೈನುಗಳಲ್ಲಿ, ಅಂದರೆ ನೆಟ್‌ವರ್ಕುಗಳಲ್ಲಿ, ಓಡಾಡುತ್ತದೆ. ಪಡೆಯುವವರು ಯಾವ ಲೈನೆಂದರೋ ಅದರಲ್ಲೇ ಕಳಿಸತಕ್ಕದ್ದು.

ಸೂತ್ರ 4: ಮೊದಲು ಚಿಟಿಕೆ, ಆಮೇಲೆ ಸೇರು.

ವೃತ್ತಿ: ಕರೋಲ್ ಬಾಗಿನ ಪಿನ್ 110005ಕ್ಕೆ ಬರೆದ ಕಾಗದದಲ್ಲಿ ಗಲ್ಲಿ ತಪ್ಪಿದರೆ ಅಂಚೆಯಣ್ಣ ಹುಡುಕಿ ತಂದಾನು. ಇಲ್ಲಿ ಅಂಚೆಯಣ್ಣನಿಲ್ಲ. ಚಿಲ್ಲರೆ ಕಳಿಸಿ, ತಲುಪಿತೇ ಎಂದು ಕೇಳಿ, ಉಳಿದದ್ದು ಕಳಿಸಿ.

ಫಲಶ್ರುತಿ: ಇದನ್ನು ಓದಿದವರ ಗಂಟು ಗಟ್ಟಿ.

ಲೇಖಕನ ಅರಿಕೆ: ಸೂತ್ರ 1ಕ್ಕೆ ಉದಾಹರಣೆಯಾಗಿ ಹಸ್ತಪ್ರತಿಯಲ್ಲಿ ನನ್ನವೇ 12 ಪದಗಳನ್ನು ಕೊಟ್ಟಿದ್ದೆ. ಟೈಪ್ ಮಾಡಿದ ಹುಡುಗ “ಇದು ಬೇಡ ಸಾರ್” ಎಂದು ತೆಗೆದ. ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ.