ಕೆಂಪು ತ್ರಿಕೋನ ಒತ್ತೋ!

ತರಗತಿಯಲ್ಲಿ ಫೋನು ಹಿಡಿದು ಆಡುವ ಕಹೂಟ್ ಎಂಬ ರಸಪ್ರಶ್ನೆ ಆಟಕ್ಕೆ ಸೇರುವಾಗ ಮಕ್ಕಳು ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳಬಹುದು. ಅದನ್ನು ರೂಪಿಸಿದ ನಾರ್ವೆಯವರು ಮಾಡಿದ ದೊಡ್ಡ ಎಡವಟ್ಟು ಇದು. ಯಲಹಂಕದ ಯಾವುದೋ ಹೈಸ್ಕೂಲಿನ ಹತ್ತನೇ ತರಗತಿ ಎಂದಿಟ್ಟುಕೊಳ್ಳಿ. ವಿಜ್ಞಾನದ ಮಿಸ್ಸು ಪರದೆಯ ಮೇಲೆ ಪಿನ್ ನಂಬರ್ ತೋರಿಸಿದ್ದೇ ತಡ, ‘ರಾಕಿ ಭಾಯ್’, ‘ಹೆಬ್ಬಾಳ ಜಾಮ್’, ‘ಉಪ್ಪಿಟ್ಟು ಬೇಡ’, ‘ನಿಮ್ಮಪ್ಪ’ ಎಲ್ಲರೂ ಹಾಜರ್. ಹಾಜರಿ ಪುಸ್ತಕದಲ್ಲಿರುವವರು ಮಾತ್ರ ಒಬ್ಬರೂ ಇಲ್ಲ. ‘ಯಾರೋ ಅದು ನಿಮ್ಮಪ್ಪ?’ ಎಂದು ಮಿಸ್ಸು ಗದರಿದರೆ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗುತ್ತದೆ. ಪಾಪ, ಪ್ರಶ್ನೆಯೇ ಹಾಗಿತ್ತು.

ಮಿಸ್ಸು ಆ ಹೆಸರಿನ ಮೇಲೆ ಒತ್ತಿದರೆ ಆಸಾಮಿ ಆಟದಿಂದ ಹೊರಗೆ. ಮರುಗಳಿಗೆಯಲ್ಲೇ ‘ನಿಮ್ಮಮ್ಮ’ ಆಗಿ ವಾಪಸ್.

ನಾರ್ವೆಯ ಟ್ರಾಂಡ್‌ಹೈಮ್ ನಗರದ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿ 2013ರಲ್ಲಿ ಜಗತ್ತಿಗೆ ಬಂದ ಈ ಆಟದ ನಿಯಮ ಸರಳ. ಪ್ರಶ್ನೆ ಇರುವುದು ಗೋಡೆಯ ಮೇಲೆ. ಮಕ್ಕಳ ಕೈಯಲ್ಲಿ ಬರೀ ನಾಲ್ಕು ಬಣ್ಣದ ಗುಂಡಿ: ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ. ಸರಿಯುತ್ತರವನ್ನು ಥಟ್ಟನೆ ಒತ್ತಿದವರಿಗೆ 1000 ಅಂಕ, ತಡ ಮಾಡಿದಷ್ಟೂ ಕಡಿಮೆಯಾಗುತ್ತ 500ರವರೆಗೆ ಇಳಿಯುತ್ತದೆ. ಅಂದರೆ ಓಮನ ನಿಯಮ ಗೊತ್ತಿದ್ದು ಯೋಚಿಸುವವಳಿಗಿಂತ ಒಳ್ಳೆಯ ಸಿಗ್ನಲ್ ಇರುವವನೇ ದೊಡ್ಡ ವಿಜ್ಞಾನಿ. ಅದೂ ‘ಕೆಂಪು ತ್ರಿಕೋನ ಒತ್ತೋ!’ ಎಂದು ಹಿಂದಿನ ಬೆಂಚಿನಿಂದ ಒಂದು ಕೂಗು ಬಿದ್ದರೆ ಮುಗಿಯಿತು, ಇಡೀ ಕ್ಲಾಸು ಕೆಂಪಾಗುತ್ತದೆ. ಪರೀಕ್ಷೆಯಲ್ಲಿ ಪಿಸುಗುಟ್ಟಿ ಮಾಡುತ್ತಿದ್ದ ಕಾಪಿ ಇಲ್ಲಿ ಸಂಗೀತದ ಹಿನ್ನೆಲೆಯಲ್ಲಿ ಬಹಿರಂಗವಾಗಿ ನಡೆಯುತ್ತದೆ.

ಥಟ್ಟನೆ ಹೇಳುವ ಖುಷಿ ಕನ್ನಡಿಗರಿಗೆ ಹೊಸದೇನಲ್ಲ. ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ‘ಥಟ್ ಅಂತ ಹೇಳಿ’ ಶುರು ಮಾಡಿದ್ದು 2002ರಲ್ಲಿ. ಬಹುಮಾನವಾಗಿ ಪುಸ್ತಕ ಸಿಗುವ ಆ ಆಟದಲ್ಲಿ ಮನೆಯ ಸೋಫಾದಲ್ಲಿ ಕುಳಿತವರೇ ಮೊದಲು ಉತ್ತರ ಹೇಳುತ್ತಿದ್ದರು. ಅದೇ ಚಂದನದಲ್ಲಿ 2020ರಲ್ಲಿ, ಕೊರೊನಾ ಕಾಲದಲ್ಲಿ, ಹೈಸ್ಕೂಲು ಮಕ್ಕಳಿಗೆ ‘ಸಂವೇದ’ ಪಾಠಗಳು ಬಂದವು. ಪಾಠವೇನೋ ಚೆನ್ನಾಗಿತ್ತು. ಆದರೆ ಟೀವಿಯೊಳಗಿನ ಮೇಷ್ಟ್ರು ‘ಅರ್ಥವಾಯಿತೇ ಮಕ್ಕಳೇ?’ ಎಂದಾಗ ‘ಇಲ್ಲ ಸಾರ್’ ಎನ್ನಲು ದಾರಿಯಿರಲಿಲ್ಲ. ಜೂಮ್‌ನಲ್ಲಿ ದಾರಿಯಿತ್ತು, ಮಕ್ಕಳಿರಲಿಲ್ಲ. ಸಾಲಾಗಿ ಕಪ್ಪು ಚೌಕಗಳಿದ್ದವು.

ಕಹೂಟ್‌ನಲ್ಲಿ ಕೂಗಿ ಹೇಳಿಕೊಡುವ ರೋಗಕ್ಕೆ ಮದ್ದು ಸಿಕ್ಕಿದ್ದು ನಮ್ಮೂರಲ್ಲೇ. ಬೆಂಗಳೂರಿನ ಶಾಲೆಯೊಂದರಲ್ಲಿ ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಂಕಿತ್ ಗುಪ್ತಾ ಮತ್ತು ದೀಪಕ್ ಜಾಯ್ ಚೀನತ್ 2015ರಲ್ಲಿ ಕ್ವಿಜಿಜ್ ಶುರುಮಾಡಿದರು. ಇಲ್ಲಿ ಪ್ರಶ್ನೆ ಅವರವರ ಪರದೆಯಲ್ಲೇ ಬರುತ್ತದೆ, ಅವರವರ ವೇಗದಲ್ಲಿ. ಪ್ರಶ್ನೆಗಳ ಕ್ರಮವನ್ನೂ ಕಲಸಿಬಿಡಬಹುದು. ಹಿಂದಿನ ಬೆಂಚಿನ ಕೂಗುಮಾರಿಗೆ ಕೆಲಸವೇ ಇಲ್ಲ. 2025ರಲ್ಲಿ ಇದರ ಹೆಸರು ವೇಗ್ರೌಂಡ್ ಎಂದಾಯಿತು. ಏರ್‌ಪೋರ್ಟ್ ರೋಡ್ ಎಂದು ಎಲ್ಲರೂ ಕರೆದರೂ ಹೆಬ್ಬಾಳದ ಹಳಬರು ಬಳ್ಳಾರಿ ರೋಡ್ ಎನ್ನುವುದನ್ನು ಬಿಡದ ಹಾಗೆ, ಮೇಷ್ಟ್ರುಗಳ ಬಾಯಲ್ಲಿ ಅದಿನ್ನೂ ಕ್ವಿಜಿಜ್ಜೇ.

ಇಷ್ಟೆಲ್ಲ ಆಟವಾಡಿ ಮಕ್ಕಳು ಕಲಿಯುತ್ತಾರೆಯೇ? ಆರ್.ಟಿ. ನಗರದ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಇದಕ್ಕೆ ಉತ್ತರ ಸಿದ್ಧವಿದೆ: ‘ಎಸ್ಸೆಸ್ಸೆಲ್ಸಿ ವರ್ಷ, ಫೋನ್ ಮುಟ್ಟಬೇಡ ಅಂತ ನಾವು ಬಡಕೊಳ್ತಿದ್ದೀವಿ. ಮಿಸ್ಸೇ ಆಟ ಆಡಿಸಿದ್ರೆ ಹೆಂಗೆ?’ ಸಂಶೋಧಕರ ಉತ್ತರ ಬೇರೆ. ಅಮೆರಿಕದ ಸ್ಕಾಟ್ ಫ್ರೀಮನ್ ತಂಡ 2014ರಲ್ಲಿ ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಸುಮ್ಮನೆ ಕುಳಿತು ಪಾಠ ಕೇಳಿದವರು ಫೇಲಾಗುವ ಸಂಭವ, ತಾವೇ ತೊಡಗಿಕೊಂಡು ಕಲಿತವರಿಗಿಂತ ಒಂದೂವರೆ ಪಟ್ಟು. ಹಾರ್ವರ್ಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಮಜವಾಗಿದೆ. ತೊಡಗಿಕೊಂಡ ವಿದ್ಯಾರ್ಥಿಗಳು ಕಲಿತದ್ದು ಹೆಚ್ಚು, ಆದರೆ ‘ನಾವು ಕಲಿತೆವು’ ಎಂದು ಅವರಿಗೆ ಅನ್ನಿಸಿದ್ದು ಕಡಿಮೆ. ಸೊಗಸಾಗಿ ಮಾತಾಡುವ ಮೇಷ್ಟ್ರ ಪಾಠ ಕೇಳಿದವರಿಗೇ ಎಲ್ಲ ತಿಳಿದಂತೆ ಭಾಸವಾಗಿತ್ತು. ಬಾಯಿಬಲವುಳ್ಳ ಮೇಷ್ಟ್ರುಗಳು ಈ ಅಧ್ಯಯನವನ್ನು ಓದದಿರುವುದೇ ಒಳ್ಳೆಯದು.

ಆದರೆ ಕಲಿಸುವುದು ಗುಂಡಿಯಲ್ಲ, ಅಂಕಪಟ್ಟಿಯಂತೂ ಅಲ್ಲವೇ ಅಲ್ಲ. ಯಲಹಂಕದ ಮಿಸ್ಸಿಗೇ ಮರಳೋಣ. ಅವರ ಪ್ರಶ್ನೆ: ಒಂದೇ ಥರದ ಎರಡು ಬಲ್ಬುಗಳನ್ನು ಬ್ಯಾಟರಿಗೆ ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಪರದೆಯ ಮೇಲೆ ಉತ್ತರಗಳ ಕಂಬಗಳು ಏಳುತ್ತವೆ. ಅರ್ಧ ಕ್ಲಾಸು ‘ಮೊದಲನೆಯ ಬಲ್ಬು’ ಎಂದಿದೆ. ಕರೆಂಟನ್ನೆಲ್ಲ ಮೊದಲನೆಯದೇ ಕುಡಿದುಬಿಡುತ್ತದೆ, ಎರಡನೆಯದಕ್ಕೆ ಮಿಕ್ಕಿದ್ದು ಎಂಬುದು ಜಗತ್ತಿನ ಎಲ್ಲ ಕಡೆ ಮಕ್ಕಳು ನಂಬುವ ಮಾತು. ಇಲ್ಲಿ ಸರಿಯುತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋದರೆ ಪಾಠ ಕೆಟ್ಟಿತು. ಹಾರ್ವರ್ಡಿನ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಸಿದ ಉಪಾಯವೆಂದರೆ, ಉತ್ತರ ಹೇಳಬೇಡಿ, ಪಕ್ಕದವರ ಜೊತೆ ವಾದ ಮಾಡಲು ಬಿಡಿ, ಮತ್ತೆ ಓಟು ಹಾಕಿಸಿ.

‘ಲೋ, ಕರೆಂಟ್ ಖರ್ಚಾಗಲ್ವೇನೋ?’ ‘ಖರ್ಚಾದ್ರೆ ವಾಪಸ್ ಬ್ಯಾಟರಿಗೆ ಹೋಗೋದು ಏನೇ ಮತ್ತೆ?’ ‘ನಿಂಗೊತ್ತಾ? ಬೆಟ್ಟಾ?’

ಬೆಟ್ಟು ತೀರಿಸಲು ಫೆಟ್ ಇದೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಮರುವರ್ಷವೇ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ, ಪರದೆಯ ಮೇಲೆಯೇ ಮಾಡುವ ಉಚಿತ ಪ್ರಯೋಗಗಳ ಕಣಜ. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ತಂತಿ ಎಳೆದು ಬಲ್ಬು ಜೋಡಿಸಿದರೆ ಎರಡೂ ಒಂದೇ ಸಮ ಬೆಳಗುತ್ತವೆ. ಅಮ್ಮೀಟರನ್ನು ಎಲ್ಲಿಟ್ಟರೂ ಅದೇ ಅಂಕಿ. ಅಷ್ಟಕ್ಕೇ ಸುಮ್ಮನಾಗುವ ಜಾತಿಯೇ ಮಕ್ಕಳದ್ದು? ಬಲ್ಬು ಕಿತ್ತು ತಂತಿಯನ್ನು ನೇರ ಬ್ಯಾಟರಿಯ ಎರಡು ತುದಿಗೂ ಸಿಕ್ಕಿಸುತ್ತಾರೆ. ಬ್ಯಾಟರಿಗೆ ಧಗ್ಗನೆ ಬೆಂಕಿ! ಆಮೇಲೆ ಇಡೀ ತರಗತಿ ಬೆಂಕಿ ಹಚ್ಚುವುದರಲ್ಲಿ ನಿರತ. ಶಾರ್ಟ್ ಸರ್ಕ್ಯೂಟ್ ಎಂದರೇನು ಎಂದು ಅವರಿಗೆ ಮತ್ತೆ ಬೋರ್ಡಿನ ಮೇಲೆ ಬರೆಸಬೇಕಿಲ್ಲ.

ಮಕ್ಕಳ ಕೈಗೆ ಫೋನು ಕೊಡುವುದಿಲ್ಲ ಎನ್ನುವ ಶಾಲೆಗಳಿಗೆ ಪ್ಲಿಕರ್ಸ್ ಇದೆ. ಮಗುವಿಗೊಂದು ಮುದ್ರಿಸಿದ ಕಾರ್ಡು. ಎ, ಬಿ, ಸಿ, ಡಿಯಲ್ಲಿ ತನ್ನ ಉತ್ತರದ ಬದಿಯನ್ನು ಮೇಲೆ ಮಾಡಿ ಹಿಡಿದರೆ ಮೇಷ್ಟ್ರ ಒಂದೇ ಫೋನಿನ ಕ್ಯಾಮೆರಾ ಇಡೀ ತರಗತಿಯನ್ನು ಓದಿಕೊಳ್ಳುತ್ತದೆ. ಅಕ್ಷರಗಳು ಎಷ್ಟು ಚಿಕ್ಕವೆಂದರೆ ಪಕ್ಕದವನಿಗೆ ಇಣುಕಿದರೂ ಕಾಣುವುದಿಲ್ಲ. ಫೆಟ್ ಪ್ರಯೋಗಗಳನ್ನೂ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಅವುಗಳಿಗಾಗಿ ಶಾಲೆಯ ವೈಫೈ ಮೇಲೆ ಭಾರ ಹಾಕುವ ಪ್ರಮೇಯವೇ ಇಲ್ಲ.

ಕೊನೆಗೆ, ಕಾರಿಡಾರಿನಲ್ಲಿ ಹಾದುಹೋಗುವ ಹೆಡ್‌ಮಾಸ್ಟರರಲ್ಲಿ ಒಂದು ವಿನಂತಿ. ಹತ್ತನೇ ತರಗತಿಯಿಂದ ಗಲಾಟೆ ಕೇಳಿಸಿದರೆ ಬೆತ್ತ ಹುಡುಕುವ ಮುನ್ನ ಬಾಗಿಲಲ್ಲಿ ಒಂದು ಕ್ಷಣ ನಿಲ್ಲಿ. ಜಗಳ ಅಂಕಪಟ್ಟಿಯ ಮೊದಲ ಸ್ಥಾನಕ್ಕಾದರೆ ಧಾರಾಳವಾಗಿ ಗದರಿ. ಬಲ್ಬಿನ ಬಗ್ಗೆಯಾದರೆ ಬೆಲ್ಲು ಹೊಡೆಯುವವರೆಗೂ ಬಿಟ್ಟುಬಿಡಿ.