ಚಿಂಚಲಿ ವಿಮಾನಸ್ಮೃತಿ: ನಿಲ್ದಾಣವಿಲ್ಲದ ಊರಿನ ವಿಮಾನಪುರಾಣ ಕುರಿತು ಒಂದು ಪ್ರಮಾಣಬದ್ಧ ವಿವೇಚನೆ

ಒಂದು: ವಿಷಯ ಪ್ರವೇಶ

ಹಳೆಯ ನಾಗರಿಕ ವಿಮಾನಗಳ ನೆನಪು ತೆಗೆಯುವವರು ಲೋಕದಲ್ಲೆಲ್ಲ ಇದ್ದಾರೆ. ಸಣ್ಣ ನಿಲ್ದಾಣದ ತಂತಿಬೇಲಿಗೆ ಮುಖ ಒತ್ತಿ ನಿಂತು, ವಿಮಾನದ ಮೈಮೇಲಿನ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಮುಪ್ಪಿನಲ್ಲಿ ಅದೇ ಅಕ್ಷರಗಳಿಗಾಗಿ ಜಗಳಾಡುವುದು ಇವರ ಕುಲಧರ್ಮ. ಆದರೆ ಇವರ ಪಾಂಡಿತ್ಯಕ್ಕೆ ಒಂದು ಮೂಲದೋಷ ಅಂಟಿದೆ: ಇವರ ಊರಲ್ಲಿ ವಿಮಾನ ನಿಲ್ದಾಣವಿತ್ತು. ಕಣ್ಣೆದುರಿಗೆ ನಿಂತದ್ದನ್ನು ನೆನಪಿಡುವುದು ಯಾವ ದೊಡ್ಡ ಸಾಧನೆ?

ರಾಯಬಾಗ ತಾಲೂಕಿನ ಚಿಂಚಲಿ ಈ ದೋಷದಿಂದ ಪೂರ್ತಿ ಮುಕ್ತ. ಇಲ್ಲಿ ರೈಲು ಸ್ಟೇಶನ್ ಇದೆ, ಮಾಯಕ್ಕದೇವಿಯ ಗುಡಿ ಇದೆ, ಕಬ್ಬಿದೆ. ವಿಮಾನ ನಿಲ್ದಾಣ ಮಾತ್ರ ಇಲ್ಲ. ಆದರೂ ಸಂಜೆಯ ಕಟ್ಟೆಯ ಮೇಲೆ ಡಕೋಟಾ, ಅವ್ರೋ, ಫಾಕರ್‌ಗಳ ಮಾತೆದ್ದರೆ ಊಟದ ಹೊತ್ತು ಮೀರುತ್ತದೆ. ಇಂಥ ಶುದ್ಧ ಸ್ಮೃತಿ ಹೇಗೆ ಸಾಧ್ಯವಾಯಿತೆಂಬುದೇ ನಮ್ಮ ಜಿಜ್ಞಾಸೆ.

ಎರಡು: ಕ್ಷೇತ್ರ ನಿರ್ಣಯ

ಚಿಂಚಲಿಯ ಪಶ್ಚಿಮಕ್ಕೆ ಕೊಲ್ಹಾಪುರದ ವಿಮಾನ ನಿಲ್ದಾಣ, ದಕ್ಷಿಣಕ್ಕೆ ಬೆಳಗಾವಿಯ ಸಾಂಬ್ರಾ. ಮೊದಲನೆಯದನ್ನು 1939ರಲ್ಲಿ ಛತ್ರಪತಿ ರಾಜಾರಾಮ ಮಹಾರಾಜರು ಕಟ್ಟಿಸಿದರು. ಎರಡನೆಯದನ್ನು 1942ರಲ್ಲಿ, ಮಹಾಯುದ್ಧದ ತರಬೇತಿಗೆಂದು, ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಕಟ್ಟಿತು. ಒಂದು ಅರಸರ ಹೌಸಿನದು, ಇನ್ನೊಂದು ಯುದ್ಧದ ಅವಸರದ್ದು. ಆಕಾಶಮಾರ್ಗದಲ್ಲಿ ಅಳೆದರೆ ಎರಡೂ ನಮಗೆ ನೂರು ಕಿಲೋಮೀಟರಿನೊಳಗೆ.

ಇಲ್ಲೊಂದು ಸೂಕ್ಷ್ಮವಿದೆ. ರಾಯಬಾಗ ಸೀಮೆ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿದ್ದು 1949ರಲ್ಲಿ. ಅಂದಮೇಲೆ ನಮ್ಮ ಅಜ್ಜಂದಿರು ಜೋಳ ಮಾರಿ ಕಟ್ಟಿದ ಕಂದಾಯದ ಒಂದೆರಡು ಕಾಸಾದರೂ ಕೊಲ್ಹಾಪುರದ ಆ ರನ್‌ವೇಯ ಖಡಿಯೊಳಗೆ ಹೂತಿರಬೇಕು. ರೊಕ್ಕ ಕೊಟ್ಟವನಿಗೆ ಹತ್ತುವ ಹಕ್ಕು ಸಿಗದಿದ್ದರೂ ನೆನೆಯುವ ಹಕ್ಕು ತಪ್ಪುವುದಿಲ್ಲ ಎಂಬುದು ಈ ಪ್ರಬಂಧದ ಮೊದಲ ಸೂತ್ರ. ಉಗಾರ ಶುಗರ್ ವರ್ಕ್ಸ್ ಕಂಪನಿ ಹುಟ್ಟಿದ್ದೂ ಅದೇ 1939ರಲ್ಲಿ. ಒಂದು ಯೋಜನೆ ಕಬ್ಬಿನ ಹೊಲದವರೆಗೆ ಬಂತು. ಇನ್ನೊಂದು ಆ ಹೊಲದ ಮೇಲಿಂದ ಹಾರಿ ಹೋಯಿತು.

ಮೂರು: ಪ್ರಮಾಣ ವಿಚಾರ

ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಅವುಗಳಲ್ಲಿ ಕೊನೆಯದು ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಶಾಸ್ತ್ರಕಾರರು ನೆಲದ ಮೇಲೆ ಗಡಿಗೆ ಇಲ್ಲದ ಉದಾಹರಣೆ ಕೊಡುತ್ತಾರೆ. ಆದರೆ ಕಬ್ಬು ಎರಡಾಳೆತ್ತರ ಬೆಳೆಯುವ ನಮ್ಮ ನೆಲದಲ್ಲಿ, ಕಾಣದ ಗಡಿಗೆ ಇಲ್ಲವೆಂದು ಯಾರು ಪ್ರಮಾಣ ಮಾಡಬೇಕು? ಆದ್ದರಿಂದ ಪ್ರಬಂಧಕಾರನು ಕಬ್ಬು ಕಡಿದು ಹಂಗಾಮು ಮುಗಿಯುವವರೆಗೂ ಕಾದು ನೋಡಿದನು. ಆಗಲೂ ರನ್‌ವೇ ಕಾಣಲಿಲ್ಲ. ನಿಲ್ದಾಣದ ಅಭಾವ ಹೀಗೆ ಶಾಸ್ತ್ರೀಯವಾಗಿ ಸಿದ್ಧ.

ಐದನೆಯದು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹಾಗೆಯೇ ನಮ್ಮ ಕಟ್ಟೆಯ ಕಾಕಾ ಒಮ್ಮೆಯೂ ವಿಮಾನ ಹತ್ತಿಲ್ಲ. ಆದರೂ ಡಕೋಟಾಕ್ಕೆ ಬಾಲದಡಿ ಸಣ್ಣ ಗಾಲಿ ಇರುತ್ತಿತ್ತು, ನೆಲದ ಮೇಲೆ ನಿಂತಾಗ ಮೂತಿ ಮೇಲೆ ಬಾಲ ಕೆಳಗೆ, ಮುಂದಿನ ಸೀಟಿನವನು ಒಳಗೆ ಏರು ಹತ್ತಿ ಹೋಗಬೇಕು ಎಂಬುದನ್ನು ಕರಾರುವಾಕ್ಕಾಗಿ ಹೇಳುತ್ತಾರೆ. ಆದ್ದರಿಂದ ಕಾಕಾ ಯಾರೋ ಹತ್ತಿದವರಿಗೆ ಚಹಾ ಕುಡಿಸಿದ್ದಾರೆ.

ನಾಲ್ಕು: ಮತಭೇದ

ಚಿಂಚಲಿಯ ವಿಮಾನಜ್ಞರಲ್ಲಿ ಎರಡು ಮತಗಳಿವೆ: ಕಿವಿಮತ ಮತ್ತು ರೆಕ್ಕೆಮತ.

ಕಿವಿಮತದವರು ಹೊಲದಲ್ಲಿ ಬಗ್ಗಿ ದುಡಿದವರು. ತಲೆಯೆತ್ತಿ ನೋಡಲು ಪುರಸೊತ್ತು ಇಲ್ಲದ್ದರಿಂದ ಸಪ್ಪಳದಿಂದಲೇ ಜಾತಿ ನಿರ್ಣಯಿಸುತ್ತಾರೆ. ಡಕೋಟಾದ ಮಟ್ಟಿಗೆ ಇವರು ಅಜೇಯರು. ಯುದ್ಧ ಮುಗಿದ ಮೇಲೆ ಮಿಲಿಟರಿಯ ಡಕೋಟಾಗಳು ಅಗ್ಗಕ್ಕೆ ಸಿಕ್ಕು, ನಮ್ಮ ದೇಶದಲ್ಲಿ ವಿಮಾನ ಕಂಪನಿಗಳು ಅಣಬೆಯಂತೆ ಎದ್ದಿದ್ದವು. 1953ರಲ್ಲಿ ಸರಕಾರ ಅವನ್ನೆಲ್ಲ ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಡಕೋಟಾಕ್ಕೆ ಎರಡು ಎಂಜಿನ್, ಒಂದೊಂದಕ್ಕೂ ಸುತ್ತಲೂ ಜೋಡಿಸಿದ ಹದಿನಾಲ್ಕು ಸಿಲಿಂಡರು. ‘ಡಕೋಟಾ ಅಂದ್ರ ಎದ್ಯಾಗ ಬಡದಂಗ ಆಗ್ತಿತ್ತರೀ’ ಎಂಬುದು ಕಿವಿಮತದ ಆದಿಸೂತ್ರ.

ಆದರೆ ಡಕೋಟಾ ಹೋಗಿ ಟರ್ಬೊಪ್ರಾಪ್ ವಿಮಾನಗಳು ಬಂದಾಗ ಈ ಮತಕ್ಕೆ ಗ್ರಹಣ ಹಿಡಿಯಿತು. ಕಾನ್ಪುರದ ಎಚ್‌ಎಎಲ್‌ನಲ್ಲಿ ತಯಾರಾದ ಅವ್ರೋಕ್ಕೂ, ಹಾಲಂಡಿನ ಫಾಕರ್ ಫ್ರೆಂಡ್‌ಶಿಪ್‌ಗೂ ಇದ್ದದ್ದು ಒಂದೇ ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್, ತಲಾ ಎರಡು. ಸಾಲದ್ದಕ್ಕೆ ವೈಕೌಂಟ್ ವಿಮಾನಕ್ಕೂ ಅದೇ ಡಾರ್ಟ್, ನಾಲ್ಕು. ಮೂರರದ್ದೂ ಒಂದೇ ಸಿಳ್ಳೆ. ಕಣ್ಣು ಮುಚ್ಚಿ ಇದು ಅವ್ರೋ, ಇದು ಫಾಕರ್ ಎಂದು ಬೇರ್ಪಡಿಸುತ್ತೇನೆ ಎನ್ನುವವನು ಋಷಿಯಾಗಿರಬೇಕು, ಇಲ್ಲವೆ ಸುಳ್ಳ. ಕಿವಿಮತದ ಹಿರಿಯರು ತಾವು ಮೊದಲನೆಯ ವರ್ಗವೆಂದು ಹೇಳಿಕೊಂಡಿದ್ದಾರೆ.

ರೆಕ್ಕೆಮತದವರು ದನ ಕಾಯ್ದವರು. ಬದುವಿನ ಮೇಲೆ ಅಂಗಾತ ಮಲಗಿದ್ದರಿಂದ ಇವರ ದರ್ಶನ ಸಮಗ್ರ. ಇವರ ಸೂತ್ರ ಸರಳ: ರೆಕ್ಕೆ ಕಿಟಕಿಗಳ ಮೇಲಿದ್ದರೆ ಫಾಕರ್, ಕೆಳಗಿದ್ದರೆ ಅವ್ರೋ. ಇದು ನೂರಕ್ಕೆ ನೂರು ಸತ್ಯ. ತೊಡಕು ಒಂದೇ: ನೆಲದ ಮೇಲೆ ಮಲಗಿದವನಿಗೆ ವಿಮಾನದ ಹೊಟ್ಟೆ ಕಾಣುತ್ತದೆ, ಕಿಟಕಿ ಕಾಣುವುದಿಲ್ಲ.

ಹಾದಿ ಗೊತ್ತಾದರೆ ಜಾತಿಯೂ ಗೊತ್ತಾದೀತೆಂದು, ಈ ವಾದ ತೀರಿಸಲು ಪ್ರಬಂಧಕಾರನು ಸಂದರ್ಶನ ನಡೆಸಿದನು.

‘ಕಾಕಾ, ಆ ವಿಮಾನ ಬೆಳಗಾವಿಗೆ ಹೊಂಟಿತ್ತೋ, ಮುಂಬೈಕ ಹೊಂಟಿತ್ತೋ?’

‘ಎಲ್ಲಿಗರ ಹೋಗವಲ್ದ್ಯಾಕ ತಮ್ಮಾ, ನಮ್ಮ ಮ್ಯಾಲಿಂದ ಹೋತಿಲ್ಲೋ!’

ಇಡೀ ವಿಮಾನಯಾನದ ಇತಿಹಾಸವನ್ನು ಕೆಳಗಿನಿಂದ ಬರೆಯಲು ಇದಕ್ಕಿಂತ ಗಟ್ಟಿಯಾದ ಪಾಯ ಸಿಗದು.

ಐದು: ಅನ್ಯಪೀಠಗಳು

ಕನ್ನಡ ನೆಲದ ಬೇರೆ ಪೀಠಗಳ ಹಕ್ಕುದಾರಿಕೆಯನ್ನೂ ಪರಿಶೀಲಿಸಬೇಕು. ಬಳ್ಳಾರಿಯವರು ಹಿರಿತನ ಕೇಳುತ್ತಾರೆ: 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಪುಸ್ ಮಾತ್ ವಿಮಾನದಲ್ಲಿ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಒಪ್ಪಿದೆವು, ಆದರೆ ಬಂದದ್ದು ಕಾಗದದ ಚೀಲ. ಮಂಗಳೂರಿನವರು 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದು ಬಜ್ಪೆಯಲ್ಲಿ ಇಳಿದದ್ದನ್ನು ಹೇಳುತ್ತಾರೆ. ಅದು ನೆಹರೂ ನೆನಪು, ವಿಮಾನದ್ದಲ್ಲ. ಜಕ್ಕೂರಿನವರು ಪುಷ್ಪಕವನ್ನು ಮುಂದಿಡುತ್ತಾರೆ. ಡಾ. ವಿ.ಎಂ. ಘಾಟಗೆ ರೂಪಿಸಿ, ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ, ಇಬ್ಬರು ಕೂಡುವ ಬಟ್ಟೆ ಹೊದಿಕೆಯ ಈ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಓನಾಮ ಕಲಿಸಿತು. ಅದರ ಬಲ ತೊಂಬತ್ತು ಅಶ್ವಶಕ್ತಿ. ನಮ್ಮಲ್ಲಿ ಕಬ್ಬು ಎಳೆಯುವ ಎರಡು ಟ್ರ್ಯಾಕ್ಟರ್ ಜೋಡಿಸಿದರೆ ಅಷ್ಟೇ ಆಗುತ್ತದೆ. ಟ್ರ್ಯಾಕ್ಟರ್ ಹಾರುವುದಿಲ್ಲ ಎಂಬ ಆಕ್ಷೇಪಕ್ಕೆ, ಕಾರ್ಖಾನೆಯ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಬರುವುದನ್ನು ಒಮ್ಮೆ ನೋಡಿ ಮಾತಾಡಿ ಎಂಬುದೇ ಉತ್ತರ.

ಆರು: ಜಾತ್ರೆಯ ವಿಮಾನ

ಈಗ ಪ್ರಬಂಧದ ಹೃದಯಭಾಗ. ಈ ಸೀಮೆಯ ಅತಿ ಹೆಚ್ಚು ಜನ ಹತ್ತಿದ ನಾಗರಿಕ ವಿಮಾನ ಯಾವುದು? ಡಕೋಟಾ ಅಲ್ಲ, ಅವ್ರೋ ಅಲ್ಲ. ಅದು ಜಾತ್ರೆಯ ಫೋಟೋ ಸ್ಟುಡಿಯೋದ ರಟ್ಟಿನ ವಿಮಾನ.

ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಹಿಂದೆ ನಮ್ಮ ಸೀಮೆಯ ಜಾತ್ರೆಗಳಲ್ಲಿ ಟೆಂಟಿನ ಸ್ಟುಡಿಯೋ ಹೊಕ್ಕು, ಬಣ್ಣ ಬಳಿದ ವಿಮಾನದ ಹಿಂದೆ ಸ್ಟೂಲಿನ ಮೇಲೆ ಕೂತು, ಕಿಟಕಿಯಿಂದ ಮೋರೆ ತೂರಿಸಿದರೆ ಹಾರಾಟ ಮುಗಿಯುತ್ತಿತ್ತು. ಸೀಟ್‌ಬೆಲ್ಟ್ ಇಲ್ಲ, ವಾಂತಿ ಇಲ್ಲ, ಹಾರಾಟ ರದ್ದಾಗುವ ಮಾತೇ ಇಲ್ಲ. ಗಂಡ ಪೈಲಟ್ ಸೀಟಿನಲ್ಲಿ, ಹೆಂಡತಿ ಹಿಂದೆ, ಕೂಸು ರೆಕ್ಕೆಯ ಮೇಲೆ.

ಈ ವಿಮಾನದ ಜಾತಿ ಯಾವುದು? ರೆಕ್ಕೆ ಕಿಟಕಿಗಳ ಕೆಳಗೆ ಬರೆದಿರುವುದರಿಂದ, ರೆಕ್ಕೆಮತದ ಪ್ರಕಾರ ಇದು ಅವ್ರೋ. ಸಪ್ಪಳವಿಲ್ಲದ್ದರಿಂದ ಕಿವಿಮತದವರು ಇದನ್ನು ಗ್ಲೈಡರ್ ಎನ್ನುತ್ತಾರೆ. ಕಾಲನಿರ್ಣಯ ಇನ್ನೂ ಕಷ್ಟ. ಹಳೆಯ ಫೋಟೋ ಹಳದಿಯಾಗಿದ್ದರೆ ವಿದ್ವಾಂಸರು ವಯಸ್ಸು ಲೆಕ್ಕ ಹಾಕುವುದುಂಟು. ಆದರೆ ಭಂಡಾರ ಹಾರಿಸುವ ಜಾತ್ರೆಯಲ್ಲಿ ತೆಗೆದ ಫೋಟೋದ ಹಳದಿ ಕಾಲದ್ದೋ, ಅರಿಶಿನದ್ದೋ? ಈ ಕಾರಣಕ್ಕೆ ಚಿಂಚಲಿಯ ವಿಮಾನಗಳೆಲ್ಲ ಹುಟ್ಟುತ್ತಲೇ ಪುರಾತನ.

ಹಾರದ ವಿಮಾನಕ್ಕೆ ಶಾಸ್ತ್ರದಲ್ಲಿ ಸ್ಥಾನವಿದೆಯೇ ಎಂದು ಕೇಳಬಹುದು. ಕಳೆದ ಶತಮಾನದ ಮೊದಲಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದ ವಿಮಾನಗಳನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, ಅವು ಹಾರಲಾರವೆಂದು ತೀರ್ಪು ಕೊಟ್ಟರು. ರಟ್ಟಿನ ವಿಮಾನವೂ ಹಾರದು. ಆದರೆ ಇದರಲ್ಲಿ ಕೂತವರಿಗೆ ಫೋಟೋ ಆದರೂ ಸಿಕ್ಕಿತು.

ಏಳು: ಸಿದ್ಧಾಂತ

ಎದುರು ಸಾಕ್ಷ್ಯಕ್ಕಾಗಿ, ನಿಜವಾಗಿ ವಿಮಾನದಲ್ಲಿ ಹೋಗಿಬಂದ ಒಬ್ಬ ಹಿರಿಯರನ್ನು ಕೇಳಲಾಯಿತು: ‘ಮಾಮಾ, ಅದು ಯಾವ ವಿಮಾನ ಇತ್ರಿ?’ ಅವರೆಂದರು: ‘ಯಾವದರ ಇರವಲ್ದ್ಯಾಕ, ಚಹಾ ಭಾಳ ತುಟ್ಟಿ.’

ಹೀಗೆ ಸಿದ್ಧವಾಗುವುದೇನೆಂದರೆ, ವಿಮಾನದ ನೆನಪು ವಿಮಾನದಿಂದ ಇರುವ ದೂರಕ್ಕೆ ತಕ್ಕಂತೆ ಬೆಳೆಯುತ್ತದೆ. ಹತ್ತಿದವನಿಗೆ ಟಿಕೆಟ್ಟಿನ ದರ ನೆನಪಿರುತ್ತದೆ. ಬೇಲಿಗೆ ನಿಂತವನಿಗೆ ನಂಬರು. ಹೊಲದಲ್ಲಿ ನಿಂತವನಿಗೆ ಮಾತ್ರ ಪೂರ್ತಿ ವಿಮಾನ. ಆದ್ದರಿಂದ ಈ ಶಾಸ್ತ್ರ ಉಳಿಯಬೇಕಾದರೆ ಚಿಂಚಲಿಗೆ ವಿಮಾನ ನಿಲ್ದಾಣ ಯಾವ ಕಾರಣಕ್ಕೂ ಆಗಕೂಡದು. ಈ ಒಂದು ವಿಷಯದಲ್ಲಿ ಎಲ್ಲ ಪಕ್ಷಗಳ ಸರಕಾರಗಳೂ ನಮ್ಮ ಶಾಸ್ತ್ರದ ಪರವಾಗಿಯೇ ನಿಂತಿವೆ.

ಫಲಶ್ರುತಿ

ಇದನ್ನು ಓದಿದವರಿಗೆ ಕಿಟಕಿ ಸೀಟು, ಓದಿಸಿ ಕೇಳಿದವರಿಗೆ ನಡುವಿನ ಸೀಟು. ಓದದೆಯೇ ತಪ್ಪು ಹುಡುಕಿದವರಿಗೆ, ಎಲ್ಲ ಬಲ್ಲ ಕಾಕಾರ ಪಕ್ಕದ ಸೀಟು, ಇಳಿಯುವವರೆಗೆ.